ಸಣ್ಣ ಕೋಣೆಯಲ್ಲಿ ಸ್ಕೋಪ್ ಲೆನ್ಸ್: ಫೋಕಸ್ ಮಾಡುವ ಕ್ರಮ

ಸಿನೆಮಾವನ್ನು ಅಗಲವಾಗಿ ನೋಡಲೆಂದು ಪ್ರೊಜೆಕ್ಟರಿನ ಮುಂದೆ ಸ್ಕೋಪ್ ಲೆನ್ಸ್ ಕೂರಿಸಿದ ಮನೆಗಳಲ್ಲಿ ಹೆಚ್ಚಾಗಿ ಕೇಳುವ ದೂರು ಒಂದೇ: "ಚಿತ್ರವೇನೋ ಅಗಲವಾಯಿತು, ಆದರೆ ಮೊದಲಿನ ಹಾಗೆ ಕ್ಲಿಯರ್ ಇಲ್ಲ." ಲೆನ್ಸೇ ಸರಿಯಿಲ್ಲವೆಂದು ತೆಗೆದಿಟ್ಟವರೂ ಇದ್ದಾರೆ. ಬಹಳಷ್ಟು ಸಲ ಲೆನ್ಸಿನಲ್ಲಿ ದೋಷ ಇರುವುದೇ ಇಲ್ಲ. ಇರುವುದು ಒಂದೇ ಫೋಕಸ್ ಎಂದುಕೊಂಡು, ಪ್ರೊಜೆಕ್ಟರಿನದು ಮತ್ತು ಸ್ಕೋಪ್ ಲೆನ್ಸಿನದು ಎರಡೂ ಫೋಕಸ್ ರಿಂಗುಗಳನ್ನು ಮನಬಂದಂತೆ ತಿರುಗಿಸುತ್ತ ಹೋದರೆ ಒಂದು ಸರಿಯಾಗುವಾಗ ಇನ್ನೊಂದು ತಪ್ಪುತ್ತದೆ, ರಾತ್ರಿ ಹನ್ನೆರಡಾದರೂ ಕೆಲಸ ಮುಗಿಯುವುದಿಲ್ಲ.

ವಿಷಯ ಇಷ್ಟು. ಸ್ಕೋಪ್ ಲೆನ್ಸ್, ಅಂದರೆ ಅನಾಮಾರ್ಫಿಕ್ ಲೆನ್ಸ್, ಚಿತ್ರವನ್ನು ಅಡ್ಡಕ್ಕೆ ಮಾತ್ರ ಹಿಗ್ಗಿಸುತ್ತದೆ, ಎತ್ತರವನ್ನು ಮುಟ್ಟುವುದಿಲ್ಲ. ಹಾಗಾಗಿ ಮಲಗಿದ ಗೆರೆಗಳ ಸ್ಪಷ್ಟತೆ ಪೂರ್ತಿಯಾಗಿ ಪ್ರೊಜೆಕ್ಟರಿನ ಸ್ವಂತ ಲೆನ್ಸಿನ ಕೈಯಲ್ಲಿದೆ. ನಿಂತ ಗೆರೆಗಳ ವಿಷಯದಲ್ಲಿ ಮಾತ್ರ ಸ್ಕೋಪ್ ಲೆನ್ಸೂ ಅದರ ಜೊತೆ ಸೇರಿಕೊಳ್ಳುತ್ತದೆ. ಆದ್ದರಿಂದ ಮಲಗಿದ ಗೆರೆಯನ್ನು ಪ್ರೊಜೆಕ್ಟರಿನ ರಿಂಗಿನಿಂದ ಮೊದಲು ಸರಿಮಾಡಬೇಕು, ನಿಂತ ಗೆರೆಯನ್ನು ಸ್ಕೋಪ್ ಲೆನ್ಸಿನ ರಿಂಗಿನಿಂದ ಆಮೇಲೆ. ಈ ಲೇಖನದ ಉಳಿದೆಲ್ಲ ಮಾತು ಈ ಕ್ರಮಕ್ಕೆ ದಾರಿ ಮಾಡಿಕೊಡುವ ಕೆಲಸ.

ಇಷ್ಟು ಕಷ್ಟ ಯಾಕೆ ಎಂದು ಕೇಳುವವರಿಗೆ ಎರಡು ಮಾತು. ಫ್ರಾನ್ಸಿನ ಆನ್ರಿ ಕ್ರೆತಿಯೆನ್ 1920ರ ದಶಕದಲ್ಲಿ ರೂಪಿಸಿದ ಲೆನ್ಸನ್ನು ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ 1953ರಲ್ಲಿ ಸಿನೆಮಾಸ್ಕೋಪ್ ಎಂಬ ಹೆಸರಿನಲ್ಲಿ ಥಿಯೇಟರುಗಳಿಗೆ ತಂದಿತು. ಫಿಲ್ಮಿನಲ್ಲಿ ಚಿತ್ರವನ್ನು ಅಡ್ಡಕ್ಕೆ ಅರ್ಧದಷ್ಟು ಅಮುಕಿಟ್ಟು, ತೋರಿಸುವಾಗ ಎರಡು ಪಟ್ಟು ಹಿಗ್ಗಿಸುವುದು ಅದರ ಕ್ರಮ. ಕನ್ನಡಕ್ಕೆ ಸ್ಕೋಪ್ ಬಂದದ್ದು 1977ರಲ್ಲಿ, ಮಲೆಯಾಳಕ್ಕೆ 1978ರಲ್ಲಿ. ಅಲ್ಲಿಂದೀಚೆಗೆ ದಕ್ಷಿಣದ ಸಿನೆಮಾಗಳಲ್ಲಿ ದೊಡ್ಡ ಪಾಲು ಈ ಅಗಲದಲ್ಲೇ ಬಂದಿವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ ಎಂದು ಬೆಳೆದ ಕಾಸರಗೋಡಿನವರಿಗೆ ಎರಡೂ ಕಡೆಯ ಸಿನೆಮಾ ಬೇಕು. ಆ ಸಿನೆಮಾಗಳನ್ನು ತೆಗೆದವರು ಚೌಕಟ್ಟಿನ ಎರಡು ಅಂಚುಗಳಲ್ಲಿ ಜನರನ್ನು ನಿಲ್ಲಿಸಿ ನಡುವಿನ ಜಾಗಕ್ಕೂ ಅರ್ಥ ಕೊಟ್ಟವರು. ಅದನ್ನು ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ, ಇದ್ದುದರಲ್ಲೇ ಸಣ್ಣ ಚಿತ್ರವಾಗಿ ನೋಡುವುದು ನನಗೆ ಒಪ್ಪಿಗೆಯಾಗದ ವಿಷಯ. ಸ್ಕೋಪ್ ಸಿನೆಮಾ ಶುರುವಾದಾಗ ಪರದೆ ಅಗಲವಾಗಬೇಕು, ಕುಗ್ಗಬಾರದು.

ಯಾವ ಲೆನ್ಸ್ ಬೇಕು

ಡಿಜಿಟಲ್ ಪ್ರೊಜೆಕ್ಟರಿಗೆ ಬೇಕಾದದ್ದು 1.33 ಪಟ್ಟಿನ ಲೆನ್ಸ್. ಲೆಕ್ಕ ಹೀಗೆ. ಪ್ರೊಜೆಕ್ಟರಿನೊಳಗೆ ಚಿತ್ರ ಮೂಡುವ ಫುಲ್ ಎಚ್‌ಡಿ ಪ್ಯಾನೆಲ್‌ನಲ್ಲಿ (ಅಗಲ, ಎತ್ತರದ ಅನುಪಾತ 16:9) 1,920 ಪಿಕ್ಸೆಲ್ ಅಗಲ, 1,080 ಪಿಕ್ಸೆಲ್ ಎತ್ತರ. ಎತ್ತರದ 2.39 ಪಟ್ಟು ಅಗಲ ಇರುವ, ಅಂದರೆ 2.39:1ರ ಸ್ಕೋಪ್ ಸಿನೆಮಾ ಅದರಲ್ಲಿ 803 ಸಾಲುಗಳನ್ನಷ್ಟೇ ಬಳಸುತ್ತದೆ. ಉಳಿದ ಕಾಲುಭಾಗ ಕಪ್ಪು. ಪ್ರೊಜೆಕ್ಟರಿನ ಮೆನುವಿನಲ್ಲಿ ಅನಾಮಾರ್ಫಿಕ್ ಮೋಡ್ ಅಥವಾ ವರ್ಟಿಕಲ್ ಸ್ಟ್ರೆಚ್ ಎಂಬುದನ್ನು ಒತ್ತಿದರೆ ಆ ಚಿತ್ರ ಮೇಲೆ ಕೆಳಗೆ ಎಳೆಯಲ್ಪಟ್ಟು ಪ್ಯಾನೆಲ್ ತುಂಬುತ್ತದೆ, ಮುಖಗಳು ಸಪೂರವಾಗಿ ಕಾಣುತ್ತವೆ. ಮುಂದಿಟ್ಟ ಲೆನ್ಸ್ ಅದನ್ನು ಅಡ್ಡಕ್ಕೆ 1.33 ಪಟ್ಟು ಹಿಗ್ಗಿಸಿದಾಗ 16:9 ಇದ್ದದ್ದು 2.37:1 ಆಗಿ ಮುಖಗಳು ಮೊದಲಿನಂತಾಗುತ್ತವೆ. ಕಪ್ಪು ಪಟ್ಟಿಗೆ ವ್ಯರ್ಥವಾಗುತ್ತಿದ್ದ ಬೆಳಕು ಚಿತ್ರಕ್ಕೆ ಸೇರುತ್ತದೆ. ಝೂಮ್ ಮಾಡಿ ಅಷ್ಟೇ ಅಗಲಕ್ಕೆ ತಂದ ಚಿತ್ರಕ್ಕಿಂತ ಇದು ಲೆಕ್ಕದಲ್ಲಿ ಮೂರನೆಯ ಒಂದು ಪಾಲು ಹೆಚ್ಚು ಬೆಳಕಿನದು. ಗಾಜಿನಲ್ಲಿ ಒಂದಿಷ್ಟು ಕಳೆದರೂ ಕಣ್ಣಿಗೆ ತಿಳಿಯುವಷ್ಟು ಉಳಿಯುತ್ತದೆ.

ಈ ಮೋಡ್ ಎಲ್ಲ ಪ್ರೊಜೆಕ್ಟರುಗಳಲ್ಲಿ ಇಲ್ಲ. ಜೆವಿಸಿ, ಎಪ್ಸನ್, ಸೋನಿಯ ಹೋಮ್ ಸಿನೆಮಾ ಮಾದರಿಗಳಲ್ಲಿ ಕೆಲವಕ್ಕೆ ಉಂಟು. ಲೆನ್ಸಿಗೆ ದುಡ್ಡು ಕೊಡುವ ಮೊದಲು ನಿಮ್ಮ ಪ್ರೊಜೆಕ್ಟರಿನ ಮೆನುವಿನಲ್ಲಿ ಹುಡುಕಿ ನೋಡಿ.

ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕೋವಾ, ಸಂಕೋರ್, ಇಸ್ಕೋ ಹೆಸರಿನ 16 ಎಂ.ಎಂ. ಕಾಲದ ಲೆನ್ಸುಗಳು ಕಣ್ಣಿಗೆ ಬೀಳುತ್ತವೆ. ಚೆಂದದ ಗಾಜು, ಕೈಗೆ ಭಾರ, ಆಸೆ ಹುಟ್ಟಿಸುವ ವಸ್ತುಗಳು. ಆದರೆ ಅವುಗಳಲ್ಲಿ ಹೆಚ್ಚಿನವು 2 ಪಟ್ಟಿನವು. 16:9 ಪ್ಯಾನೆಲ್‌ಗೆ ಅದನ್ನು ಇಟ್ಟರೆ ಚಿತ್ರವನ್ನು ಮೊದಲು 1,291 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಬೇಕು. 1,291ನ್ನು 1,080ರಿಂದ ಗುಣಿಸಿದರೆ ಸುಮಾರು 13.9 ಲಕ್ಷ ಪಿಕ್ಸೆಲ್. ಲೆನ್ಸೇ ಇಲ್ಲದೆ 1,920×803 ಅಂದರೆ 15.4 ಲಕ್ಷ. ಲೆನ್ಸ್ ಹಾಕಿದ ಮೇಲೆ ಪಿಕ್ಸೆಲ್ಲೂ ಕಡಿಮೆ, ಬೆಳಕೂ ಕಡಿಮೆ. ಆ ಲೆನ್ಸುಗಳ ಜಾಗ ಫಿಲ್ಮ್ ಪ್ರೊಜೆಕ್ಟರಿನ ಮುಂದೆ. ಅದರ ಮಾತು ಕೊನೆಯ ಕಡೆ ಬರುತ್ತದೆ.

1.33 ಪಟ್ಟಿನವುಗಳಲ್ಲಿ ಎರಡು ಬಗೆ: ಪ್ರಿಸಂ ಜೋಡಿಯವು, ಸಿಲಿಂಡರ್ ಆಕಾರದ ಗಾಜಿನವು. ಪ್ರಿಸಂ ಬಗೆಯವು ಕ್ರಯದಲ್ಲಿ ಕಡಿಮೆ, ಆದರೆ ಅವುಗಳಲ್ಲಿ ಹಲವಕ್ಕೆ ಫೋಕಸ್ ರಿಂಗ್ ಇರುವುದಿಲ್ಲ. ದೂರಕ್ಕೆ ತಕ್ಕ ತೆಳು ಗಾಜೊಂದನ್ನು ಸೇರಿಸಿ ಸರಿಪಡಿಸಬೇಕು, ಹತ್ತಿರದ ಪರದೆಗೆ ನಿಂತ ಗೆರೆ ಸ್ವಲ್ಪ ಮಸುಕಾಗಿಯೇ ಉಳಿಯುವುದುಂಟು. ಸಣ್ಣ ಕೋಣೆಯವರು ಫೋಕಸ್ ರಿಂಗ್ ಇರುವ ಸಿಲಿಂಡರ್ ಬಗೆಯದನ್ನೇ ಹುಡುಕಿದರೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಮುಂದಿನ ಹಂತಗಳೂ ಅದನ್ನು ಇಟ್ಟುಕೊಂಡೇ ಇವೆ.

ಕೋಣೆ ಮತ್ತು ಪೀಠ

14 ಅಡಿ ಉದ್ದ, 11 ಅಡಿ ಅಗಲದ ಒಂದು ಕೋಣೆ ಇಟ್ಟುಕೊಳ್ಳೋಣ. ನಮ್ಮ ಹಳೆಯ ಮನೆಗಳ ಉಪ್ಪರಿಗೆಯಲ್ಲಿ ಇಷ್ಟು ಜಾಗ ಸಿಗುತ್ತದೆ. ಪರದೆ 8 ಅಡಿ ಅಗಲ ಇರಲಿ. 2.37ರಿಂದ ಭಾಗಿಸಿದರೆ ಎತ್ತರ 3 ಅಡಿ 4½ ಇಂಚು. ಲೆನ್ಸ್ ಇಲ್ಲದಾಗ ಅದೇ ಎತ್ತರದ 16:9 ಚಿತ್ರದ ಅಗಲ 6 ಅಡಿ. ಪ್ರೊಜೆಕ್ಟರಿನ ಲೆನ್ಸಿನಿಂದ ಪರದೆಗೆ 12 ಅಡಿ ದೂರ ಬಿಟ್ಟರೆ ದೂರವನ್ನು ಈ 6 ಅಡಿಯಿಂದ ಭಾಗಿಸಿ 2 ಎಂಬ ಅನುಪಾತ ಬರುತ್ತದೆ. ಹಿಂದೆ ಉಳಿದ 2 ಅಡಿ ಪ್ರೊಜೆಕ್ಟರಿನ ಮೈಗೆ ಮತ್ತು ಬಿಸಿಗಾಳಿ ಹೋಗುವುದಕ್ಕೆ.

ಈ 2 ಎಂಬ ಸಂಖ್ಯೆಯ ಕೆಳಗೆ ಇಳಿಯದಿರಲು ಪ್ರಯತ್ನಿಸಿ. ಪ್ರೊಜೆಕ್ಟರ್ ಹತ್ತಿರ ಬಂದಷ್ಟೂ ಬೆಳಕಿನ ಕೋನ ಅಗಲವಾಗಿ ಮೂಲೆಗಳು ಮಸುಕಾಗುತ್ತವೆ, ಚಿತ್ರದ ಮೇಲಂಚು ನಡುವಿನಲ್ಲಿ ಕೆಳಕ್ಕೆ, ಕೆಳಗಂಚು ಮೇಲಕ್ಕೆ ಬಾಗುತ್ತದೆ. ನಿಮ್ಮ ಪ್ರೊಜೆಕ್ಟರಿನ ಕೈಪಿಡಿಯಲ್ಲಿ ಥ್ರೋ ರೇಷಿಯೋ (ದೂರ ಮತ್ತು ಅಗಲದ ಇದೇ ಅನುಪಾತ) ಎಂದು ಕೊಟ್ಟಿರುವ ವ್ಯಾಪ್ತಿಯೊಳಗೆ 2 ಇರಬೇಕು. 1.2ರಿಂದ 1.5 ಎಂದು ಇದ್ದರೆ ಅದು ಈ ಕೆಲಸಕ್ಕೆ ಹೇಳಿಸಿದ್ದಲ್ಲ. ಪರದೆಯ ಹತ್ತಿರವೇ ಇಡುವ ಶಾರ್ಟ್ ಥ್ರೋ ಪ್ರೊಜೆಕ್ಟರಿಗಂತೂ ಸ್ಕೋಪ್ ಲೆನ್ಸ್ ಬೇಡವೇ ಬೇಡ.

ಸ್ಕೋಪ್ ಲೆನ್ಸ್ ಭಾರದ ವಸ್ತು. ಪ್ರೊಜೆಕ್ಟರಿನ ಲೆನ್ಸಿನ ಮೂತಿಗೆ ಅದನ್ನು ನೇತುಹಾಕಬಾರದು. ಅದಕ್ಕೆ ಅದರದೇ ಪೀಠ ಬೇಕು. ಬದಿಯಡ್ಕ, ಕುಂಬಳೆ, ಪೆರ್ಲದಂಥ ಪೇಟೆಗಳ ಯಾವ ವೆಲ್ಡಿಂಗ್ ಶಾಪಿನಲ್ಲೂ ಕಬ್ಬಿಣದ ಆ್ಯಂಗಲ್‌ನಿಂದ ಒಂದು ಪೀಠ ಮಾಡಿಸಿಕೊಳ್ಳಬಹುದು. ಮೂರು ಸಂಗತಿ ಹೇಳಿ ಮಾಡಿಸಿ: ಲೆನ್ಸ್ ಎತ್ತರ ತಗ್ಗು ಮಾಡಲು ಉದ್ದ ನಟ್ಟುಬೋಲ್ಟು, ಲೆನ್ಸನ್ನು ತನ್ನ ಅಕ್ಷದ ಮೇಲೆ ತಿರುಗಿಸಿ ಬಿಗಿಮಾಡಲು ಒಂದು ಕ್ಲ್ಯಾಂಪ್, ಮತ್ತು 16:9 ನೋಡುವಾಗ ಲೆನ್ಸನ್ನು ಪಕ್ಕಕ್ಕೆ ಸರಿಸಲು ಒಂದು ಹಳಿ. ಸರಿಸಿ ತಂದಾಗ ಅದೇ ಜಾಗದಲ್ಲಿ ನಿಲ್ಲುವಂತೆ ಹಳಿಯ ತುದಿಯಲ್ಲಿ ತಡೆ ಇರಲಿ. ಕ್ಲ್ಯಾಂಪಿನ ಒಳಗೆ ತೆಳು ರಬ್ಬರ್ ಹಾಕಿಸಿ, ಬಿಗಿಯುವಾಗ ಲೆನ್ಸಿನ ಕೊಳವೆ ಅಮುಕಿ ಹೋಗದ ಹಾಗೆ.

ಉಪ್ಪರಿಗೆಯ ಮರದ ಹಲಗೆಯ ಮೇಲೆ ಪೀಠ ಇಡಬೇಡಿ. ಯಾರಾದರೂ ನಡೆದರೆ ಚಿತ್ರ ಅಲ್ಲಾಡುತ್ತದೆ. ಗೋಡೆಗೆ ಹೊಡೆಯಿರಿ. ಆದರೆ ನಮ್ಮದು ಮುರಕಲ್ಲಿನ ಗೋಡೆ; ಡ್ರಿಲ್ ಹಾಕಿದರೆ ತೂತಿನ ಒಳಗೆ ಕಲ್ಲು ಪುಡಿಯಾಗಿ ಸಾದಾ ಪ್ಲಗ್ ಸಡಿಲ ಬೀಳುತ್ತದೆ. ದೊಡ್ಡ ತೂತು ಮಾಡಿ, ಪುಡಿ ಊದಿ ತೆಗೆದು, ಒದ್ದೆಮಾಡಿ, ಸಿಮೆಂಟು ತುಂಬಿ ಉದ್ದ ಬೋಲ್ಟನ್ನು ಅದರೊಳಗೆ ಕೂರಿಸಿ ಎರಡು ಮೂರು ದಿನ ಬಿಟ್ಟ ಮೇಲೆ ಭಾರ ಹೊರಿಸಿ. ಹಂಚಿನ ಮನೆಯಾದರೆ ಮಾಡಿನಲ್ಲಿ ಎಲ್ಲಿಯಾದರೂ ಗಾಜಿನ ಹಂಚು ಉಂಟೋ ನೋಡಿ ಮುಚ್ಚಿಸಿ. ಹಗಲಲ್ಲಿ ಅದರಿಂದ ಬೀಳುವ ಒಂದು ಕೋಲು ಬೆಳಕು ಸಾಕು, ಫೋಕಸ್ ನೋಡುವುದಕ್ಕೇ ಆಗುವುದಿಲ್ಲ.

ಫೋಕಸಿಗೆ ಮೊದಲಿನ ತಯಾರಿ

ಕಂಪ್ಯೂಟರಿನಲ್ಲಿ ಎರಡು ಚಾರ್ಟ್ ಮಾಡಿಕೊಳ್ಳಿ.

ಒಂದು ಗೆರೆಗಳ ಚಾರ್ಟ್. 1,920×1,080 ಅಳತೆ, ಕಪ್ಪು ಹಿನ್ನೆಲೆ, ಒಂದೇ ಪಿಕ್ಸೆಲ್ ದಪ್ಪದ ಹಸಿರು ಗೆರೆಗಳು, ಅಡ್ಡಕ್ಕೂ ಉದ್ದಕ್ಕೂ. ನಟ್ಟನಡುವೆ + ಆಕಾರದ ಒಂದು ದೊಡ್ಡ ಕೂಡುಗೆರೆ. ಬಿಳಿಯ ಬದಲು ಹಸಿರು ಯಾಕೆಂದರೆ ಬಿಳಿಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಸೇರಿರುತ್ತವೆ. ಅವು ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಫೋಕಸ್ ತಪ್ಪಿದ ಹಾಗೆ ಕಾಣುತ್ತದೆ. ಹಸಿರು ಒಂದೇ ಆದರೆ ಆ ಗೊಂದಲ ಇಲ್ಲ, ಕಣ್ಣಿಗೂ ಹಸಿರೇ ಹೆಚ್ಚು ಸ್ಪಷ್ಟ.

ಇನ್ನೊಂದು ಸೊನ್ನೆಗಳ ಚಾರ್ಟ್. ಕಪ್ಪು ಹಿನ್ನೆಲೆಯಲ್ಲಿ, ನಡುವಿನ 1,920×810ರ ಜಾಗದೊಳಗೆ (1.33 ಪಟ್ಟು ಎಳೆದಾಗ 1,080 ಆಗುವುದು 810 ಸಾಲು), ದುಂಡಗಿನ ಕನ್ನಡ ಸೊನ್ನೆ ೦ ಸಾಲು ಸಾಲಾಗಿ. ನಡುವೆ ಒಂದು ದೊಡ್ಡದು, ನಾಲ್ಕು ಮೂಲೆಗಳಲ್ಲಿ ಒಂದೊಂದು. ಕೆಲವು ಅಕ್ಷರ ವಿನ್ಯಾಸಗಳಲ್ಲಿ ಸೊನ್ನೆ ತುಸು ಮೊಟ್ಟೆಯಾಕಾರ ಇರುತ್ತದೆ, ಹಾಗಿದ್ದರೆ ವೃತ್ತವನ್ನೇ ಎಳೆಯಿರಿ. ಇದು ಆಕಾರ ನೋಡುವುದಕ್ಕೆ.

ಎರಡು ಚಾರ್ಟ್ ಬೇಕಾಗುವುದಕ್ಕೆ ಗಟ್ಟಿ ಕಾರಣ ಉಂಟು. ಸ್ಟ್ರೆಚ್ ಮೋಡ್ 810 ಸಾಲುಗಳನ್ನು 1,080 ಮಾಡುವಾಗ ಒಂದು ಪಿಕ್ಸೆಲಿನ ಗೆರೆಯನ್ನು ಪಕ್ಕದ ಸಾಲುಗಳಿಗೂ ಹಂಚುತ್ತದೆ. ಆ ಮಸುಕು ಲೆನ್ಸಿನದ್ದಲ್ಲ, ಯಾವ ರಿಂಗಿನಿಂದಲೂ ಹೋಗದು. ಆದ್ದರಿಂದ ಫೋಕಸ್ ಮಾಡುವಷ್ಟು ಹೊತ್ತು ಸ್ಟ್ರೆಚ್ ಆಫ್ ಇರಲಿ. ಚಿತ್ರ ಅಗಲಕ್ಕೆ ಎಳೆದ ಹಾಗೆ ಕಾಣುತ್ತದೆ, ಕಾಣಲಿ. ಕಂಪ್ಯೂಟರ್ ಇಲ್ಲದವರು ಪ್ರೊಜೆಕ್ಟರಿನ ಸ್ವಂತ ಮೆನುವಿನ ಅಕ್ಷರಗಳನ್ನು ಚಾರ್ಟಿನಂತೆ ಬಳಸಬಹುದು.

ಕೀಸ್ಟೋನ್ (ಓರೆಯಾಗಿ ಬಿದ್ದ ಚಿತ್ರವನ್ನು ಮೆನುವಿನಿಂದ ಚೌಕ ಮಾಡುವ ಸೌಲಭ್ಯ) ಸೊನ್ನೆ ಮಾಡಿ. ಆಟೋ ಫೋಕಸ್, ಆಟೋ ಕೀಸ್ಟೋನ್ ಇದ್ದರೆ ಆಫ್. ಮೆನುವಿನ ಶಾರ್ಪ್‌ನೆಸ್ ಅನ್ನು ಕನಿಷ್ಠಕ್ಕೆ ಇಳಿಸಿ. ಅದು ಗೆರೆಗಳ ಪಕ್ಕ ಸುಳ್ಳು ಅಂಚು ಹುಟ್ಟಿಸಿ ಕಣ್ಣನ್ನು ತಪ್ಪಿಸುತ್ತದೆ. ಚಿತ್ರವನ್ನು ಮೇಲೆ ಕೆಳಗೆ, ಅತ್ತಿತ್ತ ಸರಿಸುವ ಲೆನ್ಸ್ ಶಿಫ್ಟ್ ಸಾಧ್ಯವಾದಷ್ಟು ನಡುವಿನಲ್ಲೇ ಇರಲಿ, ಬೆಳಕಿನ ಕೋಲು ಸ್ಕೋಪ್ ಲೆನ್ಸಿನ ನಟ್ಟನಡುವಿನಿಂದ ಹಾಯಬೇಕು. ಆಮೇಲೆ ಪ್ರೊಜೆಕ್ಟರನ್ನು ಅರ್ಧ ಗಂಟೆ ಹಾಗೇ ಉರಿಸಿ. ಬಿಸಿಗೆ ಗಾಜೂ ಕೊಳವೆಯೂ ಹಿಗ್ಗಿ ಫೋಕಸ್ ಸರಿಯುತ್ತದೆ. ಸಿನೆಮಾ ನೋಡುವಾಗ ದೀಪದ ಬೆಳಕು ತಗ್ಗಿಸುವ ಇಕೋ ಮೋಡ್ ಬಳಸುವವರು ಫೋಕಸನ್ನೂ ಇಕೋ ಮೋಡಿನಲ್ಲೇ ಮಾಡಿ. ಮಳೆಗಾಲದಲ್ಲಿ ನಡುವೆ ಕರೆಂಟು ಹೋಗಿ ಬಂದರೆ ಮತ್ತೆ ಬಿಸಿಯಾಗುವ ತನಕ ಕಾಯಬೇಕು, ಅವಸರ ಮಾಡಿ ಫಲವಿಲ್ಲ.

ಫೋಕಸ್, ಹಂತ ಹಂತವಾಗಿ

ಸ್ಕೋಪ್ ಲೆನ್ಸನ್ನು ಪಕ್ಕಕ್ಕೆ ಸರಿಸಿ. ಪ್ರೊಜೆಕ್ಟರಿನ ಲೆನ್ಸಿನಿಂದ ಪರದೆಯ ಎಡ ಅಂಚಿಗೂ ಬಲ ಅಂಚಿಗೂ ಟೇಪು ಹಿಡಿದು ಅಳೆಯಿರಿ. ಎರಡೂ ಸಮ ಇರಬೇಕು. ಸಮ ಇಲ್ಲದಿದ್ದರೆ ಚಿತ್ರದ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು ಆಗುತ್ತದೆ, ಅದನ್ನು ಲೆನ್ಸಿನ ತಪ್ಪೆಂದು ತಿಳಿಯುವುದು ಬಹಳ ಸುಲಭ. ಪ್ರೊಜೆಕ್ಟರಿನ ಮೇಲೆ ಮೇಸ್ತ್ರಿಗಳ ರಸಮಟ್ಟ ಇಟ್ಟು ಮಟ್ಟ ನೋಡಿ. ಝೂಮ್ ತಿರುಗಿಸಿ ಚಿತ್ರವನ್ನು 6 ಅಡಿ ಅಗಲಕ್ಕೆ ತಂದು ನಿಲ್ಲಿಸಿ. ಝೂಮ್ ಆದ ಮೇಲೆಯೇ ಫೋಕಸ್. ಹಿಂದುಮುಂದಾದರೆ ಎರಡು ಸಲ ಕೆಲಸ.

ಈಗ ಗೆರೆಗಳ ಚಾರ್ಟ್ ಹಾಕಿ ಪ್ರೊಜೆಕ್ಟರಿನ ರಿಂಗಿನಿಂದ ಫೋಕಸ್ ಮಾಡಿ. ಸ್ಕೋಪ್ ಲೆನ್ಸ್ ಇಲ್ಲದಿರುವಾಗ ಮಲಗಿದ ಗೆರೆಯೂ ನಿಂತ ಗೆರೆಯೂ ಒಟ್ಟಿಗೇ ಸ್ಪಷ್ಟವಾಗಬೇಕು. ಇಲ್ಲಿಯೇ ಆಗದಿದ್ದರೆ ದೋಷ ಪ್ರೊಜೆಕ್ಟರಿನದ್ದು, ಮುಂದೆ ಹೋಗಬೇಡಿ. ನಡುವಿನ ಮಲಗಿದ ಗೆರೆಯ ಎರಡು ತುದಿಗೆ, ಪರದೆಯ ಮೇಲೆ, ಸಣ್ಣ ತುಂಡು ಕಾಗದದ ಟೇಪು ಅಂಟಿಸಿ ಗೆರೆ ಎಲ್ಲಿ ಹಾಯುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ. ಈ ಗುರುತು ಮುಂದೆ ಬಹಳ ಉಪಕಾರಕ್ಕೆ ಬರುತ್ತದೆ.

ಸ್ಕೋಪ್ ಲೆನ್ಸನ್ನು ಮುಂದಕ್ಕೆ ತನ್ನಿ. ಪ್ರೊಜೆಕ್ಟರಿನ ಲೆನ್ಸಿಗೂ ಅದಕ್ಕೂ ನಡುವೆ ಒಂದು ಬೆರಳು ತೂರುವಷ್ಟು ಜಾಗ ಸಾಕು. ದೂರ ಇಟ್ಟರೆ ಬೆಳಕಿನ ಅಂಚು ಕೊಳವೆಗೆ ತಾಗಿ ಚಿತ್ರದ ಎರಡು ಬದಿ ಕಪ್ಪಾಗುತ್ತದೆ. ಲೆನ್ಸಿನ ಮೇಲೆ ದೂರದ ಅಂಕಿಗಳು ಕೊರೆದಿದ್ದರೆ ರಿಂಗನ್ನು 12 ಅಡಿಗೆ ಇಡಿ; ಮೀಟರಿನಲ್ಲಿದ್ದರೆ 3.7ರ ಹತ್ತಿರ. ಇದು ಆರಂಭದ ಜಾಗ ಮಾತ್ರ.

ಮುಂದಿನದು ಹಲವರು ಬಿಟ್ಟುಬಿಡುವ ಹಂತ: ಲೆನ್ಸಿನ ಅಕ್ಷ. ಲೆನ್ಸ್ ತನ್ನ ಕ್ಲ್ಯಾಂಪಿನಲ್ಲಿ ಒಂದಿಷ್ಟು ತಿರುಗಿ ಕೂತಿದ್ದರೂ ಚೌಕಟ್ಟು ಓರೆಯಾಗುತ್ತದೆ, ಕೂಡುಗೆರೆ ಮೂಲೆಮಟ್ಟದಲ್ಲಿ ಉಳಿಯುವುದಿಲ್ಲ. ಕ್ಲ್ಯಾಂಪ್ ಸಡಿಲಿಸಿ ಇಡೀ ಲೆನ್ಸನ್ನು ಕೂದಲೆಳೆಯಷ್ಟು ತಿರುಗಿಸುತ್ತ, ನಡುವಿನ ಮಲಗಿದ ಗೆರೆ ಮೊದಲಿನ ಪೆನ್ಸಿಲ್ ಗುರುತಿನ ನೇರಕ್ಕೇ ಬರುವಂತೆ ಮಾಡಿ. ನಿಂತ ಗೆರೆಗೆ ಪರದೆಯ ಮೇಲಿನಿಂದ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ಹೋಲಿಸಿ. ಎರಡೂ ಕೂಡಿ ಬಂದಾಗ ಕ್ಲ್ಯಾಂಪ್ ಬಿಗಿಯಿರಿ. ಬಿಗಿಯುವಾಗ ಲೆನ್ಸ್ ಸ್ವಲ್ಪ ತಿರುಗುತ್ತದೆ, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ನೋಡಬೇಕು.

ಅಕ್ಷವನ್ನು ಫೋಕಸಿಗಿಂತ ಮೊದಲೇ ಮಾಡುವುದು ಸುಮ್ಮನೆ ಅಲ್ಲ. ಅಕ್ಷ ಓರೆ ಇದ್ದರೆ ಸ್ಕೋಪ್ ರಿಂಗ್ ತಿರುಗಿಸಿದಾಗ ನಿಂತ ಗೆರೆಯ ಜೊತೆ ಮಲಗಿದ ಗೆರೆಯೂ ಕೆಡುತ್ತದೆ. ಆಗ ಎರಡನ್ನು ಬೇರೆ ಬೇರೆಯಾಗಿ ನೋಡುವ ದಾರಿಯೇ ಮುಚ್ಚಿಹೋಗುತ್ತದೆ. ಇದನ್ನೇ ಪರೀಕ್ಷೆಯಾಗಿಯೂ ಬಳಸಬಹುದು: ಸ್ಕೋಪ್ ರಿಂಗನ್ನು ಅತ್ತಿತ್ತ ತಿರುಗಿಸಿ, ಮಲಗಿದ ಗೆರೆ ಅಲುಗದೆ ಹಾಗೇ ಉಳಿದರೆ ಅಕ್ಷ ಸರಿ ಇದೆ.

ಈಗ ನಿಜವಾದ ಫೋಕಸ್. ಇದಕ್ಕೆ ಇಬ್ಬರು ಬೇಕು, ಒಬ್ಬರು ಪ್ರೊಜೆಕ್ಟರಿನ ಹತ್ತಿರ, ಇನ್ನೊಬ್ಬರು ಪರದೆಗೆ ಒಂದು ಗೇಣು ದೂರದಲ್ಲಿ. 12 ಅಡಿ ಹಿಂದಿನಿಂದ ಒಂದು ಪಿಕ್ಸೆಲಿನ ಗೆರೆ ಯಾರ ಕಣ್ಣಿಗೂ ಸರಿಯಾಗಿ ಸಿಗುವುದಿಲ್ಲ. ಒಬ್ಬರೇ ಇದ್ದರೆ ಹತ್ತಿರದ ದೂರಕ್ಕೂ ಫೋಕಸ್ ಆಗುವ ಬೈನಾಕ್ಯುಲರ್ ಬೇಕಾಗುತ್ತದೆ. ಪರದೆಯ ಹತ್ತಿರ ಇರುವವರಿಗೂ ಲೆನ್ಸಿನ ಹತ್ತಿರ ಇರುವವರಿಗೂ, ಮುಖ ಎದುರುಬದುರಾದರೆ, ಎಡಬಲ ಅದಲುಬದಲು. ಆದ್ದರಿಂದ "ಕಿಟಿಕಿ ಬದಿಗೆ, ಬಾಗಿಲ ಬದಿಗೆ" ಎಂದು ಮೊದಲೇ ಮಾತು ಮಾಡಿಕೊಳ್ಳಿ.

"ಭಾವಾ, ರಜ್ಜ (ಸ್ವಲ್ಪ) ಕಿಟಿಕಿ ಬದಿಗೆ… ಇನ್ನೂ ರಜ್ಜ… ಹಾಂ, ದಾಟಿತು. ಹಿಂದೆ ಬನ್ನಿ."

ಈ "ದಾಟಿತು" ಎಂಬುದು ಬೇಕೇಬೇಕು. ಸ್ಪಷ್ಟವಾಯಿತು ಎಂದು ಕಂಡಲ್ಲೇ ನಿಲ್ಲಿಸಬೇಡಿ. ಅದನ್ನು ದಾಟಿ ಮಸುಕಾಗುವ ತನಕ ಹೋಗಿ, ಆ ಕಡೆಯಿಂದ ಹಿಂದೆ ಬಂದು ಈ ಕಡೆಯೂ ಮಸುಕಾಗುವ ತನಕ ಹೋಗಿ, ಎರಡರ ನಡುವೆ ನಿಲ್ಲಿಸಿ. ರಿಂಗುಗಳಲ್ಲಿ ಸ್ವಲ್ಪ ಸಡಿಲ ಇರುತ್ತದೆ; ಕೊನೆಯ ತಿರುವು ಪ್ರತಿಸಲ ಒಂದೇ ದಿಕ್ಕಿನಿಂದ ಬರಲಿ.

ಮೊದಲು ಪರದೆಯ ಹತ್ತಿರ ಇರುವವರು ಮಲಗಿದ ಗೆರೆಯನ್ನು ಮಾತ್ರ ನೋಡಲಿ. ಮುಂದೆ ದಪ್ಪ ಗಾಜು ಬಂದದ್ದರಿಂದ ಅದು ತುಸು ಸರಿದಿರಬಹುದು. ಪ್ರೊಜೆಕ್ಟರಿನ ರಿಂಗಿನಿಂದ ಸರಿಮಾಡಿ, ಆ ರಿಂಗಿನಿಂದ ಕೈ ತೆಗೆಯಿರಿ. ಅದು ಮುಗಿಯಿತು. ಆಮೇಲೆ ನಿಂತ ಗೆರೆ ಮಾತ್ರ, ಸ್ಕೋಪ್ ಲೆನ್ಸಿನ ರಿಂಗು ಮಾತ್ರ. ನಿಂತ ಗೆರೆ ಎಷ್ಟು ಮಾಡಿದರೂ ಬರುವುದಿಲ್ಲ ಎಂದು ಪ್ರೊಜೆಕ್ಟರಿನ ರಿಂಗ್ ಮುಟ್ಟಿದಿರೋ, ನಿಂತ ಗೆರೆ ಸರಿಯಾಗಿ ಮಲಗಿದ ಗೆರೆ ಹೋಗುತ್ತದೆ. ಮತ್ತೆ ಅದೇ ಸುತ್ತು.

ಸ್ಕೋಪ್ ರಿಂಗಿನ ಕೊನೆಯ ತನಕ ತಿರುಗಿಸಿದರೂ ನಿಂತ ಗೆರೆ ಸ್ಪಷ್ಟವಾಗದಿದ್ದರೆ ಎರಡು ಕಾರಣ ಇರಬಹುದು. ನಿಮ್ಮ ದೂರ ಆ ಲೆನ್ಸಿನ ಕನಿಷ್ಠ ದೂರಕ್ಕಿಂತ ಕಡಿಮೆ. ಹಾಗಿದ್ದರೆ ದೂರ ಹೆಚ್ಚಿಸಬೇಕು, ಇಲ್ಲವೇ ಹತ್ತಿರದ ದೂರಕ್ಕೆ ಸರಿಪಡಿಸುವ ಗಾಜು ಸೇರಿಸಬೇಕು. ಅಥವಾ ಹಿಂದೆ ಯಾರೋ ಒಳಗಿನ ಬೂಷ್ಟು ಒರೆಸಲೆಂದು ಲೆನ್ಸನ್ನು ಬಿಚ್ಚಿ ಜೋಡಿಸಿದ್ದಾರೆ. ಇದು ಕೆಟ್ಟದ್ದು. ಒಳಗಿನ ಮುಂದಿನ ಮತ್ತು ಹಿಂದಿನ ಸಿಲಿಂಡರ್ ಗಾಜುಗಳ ಅಕ್ಷ ಒಂದಕ್ಕೊಂದು ನೇರ ಇರಬೇಕು. ಜೋಡಿಸುವಾಗ ಒಂದು ಚೂರು ತಿರುಗಿದರೂ ಹೊರಗಿನ ಯಾವ ರಿಂಗಿನಿಂದಲೂ ಅದು ಸರಿಯಾಗದು. ಹಳೆಯ ಲೆನ್ಸ್ ಕೊಳ್ಳುವಾಗ ಸ್ಕ್ರೂಗಳ ತಲೆ ಸವೆದಿದೆಯೇ, ರಿಂಗುಗಳ ಅಂಚಿನಲ್ಲಿ ಇಕ್ಕಳದ ಗೀರು ಇದೆಯೇ ಎಂದು ನೋಡಬೇಕಾದದ್ದು ಇದಕ್ಕೇ.

ಅಂಚು, ಮೂಲೆ, ಆಕಾರ

ನಡುವೆ ಸರಿಯಾದ ಮೇಲೆ ಬದಿಗಳನ್ನು ನೋಡಿ. ನಡು ಮತ್ತು ಮೂಲೆ ಎರಡೂ ಒಟ್ಟಿಗೆ ಅತಿ ಸ್ಪಷ್ಟ ಆಗುವುದು ಸಣ್ಣ ಕೋಣೆಯಲ್ಲಿ ಅಪರೂಪ. ನಡುವಿನಿಂದ ಅಂಚಿಗೆ ಅರ್ಧ ದಾರಿಯಲ್ಲಿರುವ ನಿಂತ ಗೆರೆಯನ್ನು ಆರಿಸಿ ಅಲ್ಲಿ ಫೋಕಸ್ ಮಾಡಿದರೆ ನಡುವೆ ಹೆಚ್ಚು ಕಳೆದುಕೊಳ್ಳದೆ ಬದಿಗಳಲ್ಲಿ ಒಳ್ಳೆಯ ಲಾಭ ಸಿಗುತ್ತದೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಫಲ ಬಂದರೆ ಲೆನ್ಸ್ ಬೆಳಕಿನ ನಡುವಿನಲ್ಲಿ ಕೂತಿಲ್ಲ ಅಥವಾ ಒಂದು ಬದಿಗೆ ಮುಖ ತಿರುಗಿಸಿದೆ, ಪೀಠದಲ್ಲಿ ಸರಿಮಾಡಿ. ಅಂಚಿನಲ್ಲಿ ಗೆರೆಗೆ ಕೆಂಪು ನೀಲಿ ನೆರಳು ಕಂಡರೆ, ಬಿಳಿ ಗೆರೆ ಹಾಕಿ ಸ್ಕೋಪ್ ಲೆನ್ಸನ್ನು ಸರಿಸಿ ನೋಡಿ. ಲೆನ್ಸ್ ಸರಿಸಿದರೂ ನೆರಳು ಉಳಿದರೆ ಅದು ಪ್ರೊಜೆಕ್ಟರಿನದ್ದು.

ಈಗ ಸ್ಟ್ರೆಚ್ ಆನ್ ಮಾಡಿ ಸೊನ್ನೆಗಳ ಚಾರ್ಟ್ ಹಾಕಿ. ನಡುವಿನ ದೊಡ್ಡ ಸೊನ್ನೆಯ ಅಗಲ, ಎತ್ತರ ಎರಡನ್ನೂ ಟೇಪಿನಿಂದ ಅಳೆಯಿರಿ. ಅಂಗುಲಕ್ಕಿಂತ ಕಡಿಮೆ ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ, ಹತ್ತಿರದ ದೂರಕ್ಕೆ ಫೋಕಸ್ ಮಾಡಿದಾಗ ಹಿಗ್ಗುವಿಕೆ ಸರಿಯಾಗಿ 1.33 ಉಳಿಯುವುದಿಲ್ಲ. ಸೊನ್ನೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಅದರ ತಲೆ ಮತ್ತು ಪಾದ ಮಸುಕಾದರೆ ಪ್ರೊಜೆಕ್ಟರಿನ ಫೋಕಸ್, ಎಡಬಲದ ಕೆನ್ನೆಗಳು ಮಸುಕಾದರೆ ಸ್ಕೋಪ್ ಲೆನ್ಸಿನ ಫೋಕಸ್. ಸಿನೆಮಾದ ಮೊದಲು ಇದೊಂದನ್ನು ಹಾಕಿ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಮೇಲಂಚು ಕೆಳಗಂಚಿನ ಬಾಗು ಪೂರ್ತಿ ಹೋಗುವುದಿಲ್ಲ. ಬಾಗಿದ ಪರದೆ ಇದಕ್ಕೆ ಸರಿಯಾದ ಮದ್ದು, ಆದರೆ ಸಣ್ಣ ಕೋಣೆಗೆ ದೊಡ್ಡ ಖರ್ಚು. ಪರದೆಯ ಸುತ್ತ ಮೂರು ಇಂಚು ಅಗಲದ ಕಪ್ಪು ವೆಲ್ವೆಟ್ ಪಟ್ಟಿ ಹೊಡೆದು ಚಿತ್ರವನ್ನು ಅದರ ಮೇಲೆ ಸ್ವಲ್ಪ ಹರಿಯಬಿಡಿ. ವೆಲ್ವೆಟ್ ಬೆಳಕನ್ನು ನುಂಗುತ್ತದೆ, ಅಂಚು ನೇರ ಕಾಣುತ್ತದೆ.

ಸಬ್‌ಟೈಟಲ್ ಓದಿ ಸಿನೆಮಾ ನೋಡುವ ಮನೆಗಳಿಗೆ ಒಂದು ಸೂಚನೆ: ಕೆಲವು ಡಿಸ್ಕುಗಳಲ್ಲಿ ಸಬ್‌ಟೈಟಲ್ ಕೆಳಗಿನ ಕಪ್ಪು ಪಟ್ಟಿಯಲ್ಲಿ ಬರುತ್ತದೆ. ಸ್ಟ್ರೆಚ್ ಮಾಡಿದಾಗ ಆ ಪಟ್ಟಿಯೇ ಇಲ್ಲವಾಗಿ ಅಕ್ಷರಗಳು ಕತ್ತರಿಸಿ ಹೋಗುತ್ತವೆ. ಸಬ್‌ಟೈಟಲನ್ನು ಮೇಲಕ್ಕೆ ಸರಿಸುವ ಸೌಲಭ್ಯ ಇರುವ ಪ್ಲೇಯರ್ ಇಟ್ಟುಕೊಳ್ಳಿ.

16 ಎಂ.ಎಂ. ಪ್ರೊಜೆಕ್ಟರ್ ಇರುವವರಿಗೆ

ಕ್ರಮ ಅದೇ, ಲೆನ್ಸ್ 2 ಪಟ್ಟಿನದು. ಗೇಟಿನಲ್ಲಿ (ಫಿಲ್ಮಿನ ಮೇಲೆ ದೀಪದ ಬೆಳಕು ಬೀಳುವ ಕಿಂಡಿಯಲ್ಲಿ) ಫಿಲ್ಮ್ ನಿಲ್ಲಿಸಿ ಫೋಕಸ್ ಮಾಡಲು ಹೋಗಬೇಡಿ, ದೀಪದ ಬಿಸಿಗೆ ಫಿಲ್ಮ್ ಉಬ್ಬುತ್ತದೆ, ಸುಡಲೂಬಹುದು. ಬೇಡದ ಒಂದು ತುಂಡು ಫಿಲ್ಮನ್ನು ಸುರುಳಿಯಾಗಿ ಅಂಟಿಸಿ ಓಡಿಸಿ. ಸ್ಕೋಪ್ ಲೆನ್ಸ್ ಇಲ್ಲದೆ ಚಿತ್ರದ ಕಾಳು (ಗ್ರೇನ್) ಕಾಣುವ ತನಕ ಮೂಲ ಲೆನ್ಸ್ ಫೋಕಸ್ ಮಾಡಿ, ಆಮೇಲೆ ಸ್ಕೋಪ್ ಲೆನ್ಸ್ ತಂದು ಗೇಟಿನ ಅಂಚಿನ ನೇರದಿಂದ ಅಕ್ಷ ಸರಿಮಾಡಿ, ನಿಂತ ಗೆರೆಗೆ ಸ್ಕೋಪ್ ರಿಂಗ್. ನಿಂತ ಗೆರೆಗೆ ಚಾರ್ಟ್ ಹುಡುಕಬೇಕಿಲ್ಲ: ಓಡಿ ಸವೆದ ಫಿಲ್ಮಿನ ಉದ್ದಕ್ಕೆ ಬಿದ್ದ ಗೀರುಗಳೇ ಪರದೆಯಲ್ಲಿ ನಿಂತ ಗೆರೆಗಳಾಗಿ ಕಾಣುತ್ತವೆ.

ಮಳೆಗಾಲ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ನಾಲ್ಕು ತಿಂಗಳು ಗಾಜಿಗೆ ಶತ್ರು. ಲೆನ್ಸಿನ ಒಳಗೆ ಬೂಷ್ಟು ಹಿಡಿದರೆ ಜೇಡರ ಬಲೆಯಂಥ ಎಳೆಗಳು ಹರಡುತ್ತವೆ. ಫೋಕಸ್ ಎಷ್ಟು ಸರಿ ಇದ್ದರೂ ಚಿತ್ರಕ್ಕೆ ಹಾಲುಹಾಲಾದ ಮಬ್ಬು ಬರುತ್ತದೆ. ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗದು. ತಿಂಗಳಿಗೊಮ್ಮೆ ಕತ್ತಲಲ್ಲಿ ಲೆನ್ಸಿನ ಒಂದು ಕಡೆಯಿಂದ ಟಾರ್ಚು ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಎಳೆ ಕಂಡರೆ ನೀವೇ ಬಿಚ್ಚಬೇಡಿ, ಕಾರಣ ಮೇಲೆ ಹೇಳಿದೆ. ಲೆನ್ಸ್ ಬಿಚ್ಚಿ ಅಕ್ಷ ಕೂರಿಸಲು ಬರುವ ಕ್ಯಾಮೆರಾ ರಿಪೇರಿಯವರಿಗೆ ಕೊಡಿ.

ಬಳಸದಿರುವಾಗ ಗಾಳಿಯಾಡದ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಒಳಗೆ ತೇವಾಂಶ ತೋರಿಸುವ ಸಣ್ಣ ಮೀಟರ್ ಇರಲಿ. 40ರಿಂದ 50 ಶೇಕಡಾ ಒಳ್ಳೆಯದು. ಲೆನ್ಸಿನ ಜೊತೆ ಬಂದ ಚರ್ಮದ ಚೀಲ ಎಷ್ಟು ಚೆಂದ ಇದ್ದರೂ ಅದರಲ್ಲಿ ಇಡಬೇಡಿ, ಬೂಷ್ಟು ಮೊದಲು ಹುಟ್ಟುವುದೇ ಅದರಲ್ಲಿ. ಅಕ್ಕಿ ಡಬ್ಬದಲ್ಲಿ ಹುಗಿಯುವ ಕ್ರಮವೂ ಬೇಡ, ಅಕ್ಕಿಯ ಹುಡಿ ರಿಂಗಿನ ಮರೆಗಳಿಗೆ ಇಳಿಯುತ್ತದೆ. ಎ.ಸಿ. ಕೋಣೆಯಿಂದ ಲೆನ್ಸನ್ನು ಹೊರಗೆ ಒಯ್ದರೆ ತಣ್ಣಗಿನ ಗಾಜಿಗೆ ತೇವದ ಗಾಳಿ ತಾಗಿ ಹನಿ ಕಟ್ಟುತ್ತದೆ. ಡಬ್ಬದೊಳಗೆ ಮುಚ್ಚಿಯೇ ಒಯ್ದು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಿರಿ. ಧೂಳನ್ನು ಬ್ಲೋವರಿನಿಂದ ಊದಿ, ಉಳಿದದ್ದಕ್ಕೆ ಲೆನ್ಸ್ ಟಿಶ್ಯೂ ಮತ್ತು ಲೆನ್ಸ್ ದ್ರವ. ಮುಂಡಿನ ತುದಿಯಿಂದ ಒರೆಸುವ ಅಭ್ಯಾಸ ಇರುವವರು ದಯವಿಟ್ಟು ಬಿಡಿ, ಹಳೆಯ ಲೆನ್ಸುಗಳ ಲೇಪ ಬಹಳ ಮೆದು. ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆಹುಳುಗಳು ಎರಡು ಲೆನ್ಸುಗಳ ನಡುವಿನ ಸಂದಿಗೆ ನುಗ್ಗುತ್ತವೆ. ಆ ಸಂದಿಗೆ ಕಪ್ಪು ಬಟ್ಟೆಯ ಒಂದು ತೋಳು ಹೊಲಿಸಿ ಹಾಕಿ.

ಎಲ್ಲ ಸರಿಯಾದ ಮೇಲೆ ಎರಡೂ ರಿಂಗುಗಳ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟು, ಕೊಳವೆಯ ಮೇಲೆ ಅದರ ಎದುರಿಗೆ ಇನ್ನೊಂದು ಚುಕ್ಕೆ ಇಡಿ. ಪೀಠದಲ್ಲಿ ಮರದ ಭಾಗ ಏನಾದರೂ ಇದ್ದರೆ ಆಟಿಯ ಮಳೆಗೆ ಅದು ಉಬ್ಬಿ, ಬೇಸಿಗೆಗೆ ಇಳಿದು ಮಟ್ಟ ತಪ್ಪುತ್ತದೆ. ಚುಕ್ಕೆಗಳು ಎದುರುಬದುರೇ ಇದ್ದು ಚಿತ್ರ ಮಾತ್ರ ಕೆಟ್ಟಿದ್ದರೆ, ರಿಂಗಿಗೆ ಕೈ ಹಾಕುವ ಮೊದಲು ಪರದೆಯ ಪೆನ್ಸಿಲ್ ಗುರುತನ್ನೂ ಪೀಠದ ನಟ್ಟುಗಳನ್ನೂ ನೋಡಿ.